ಫ್ಯಾನ್ ರಿಪೇರಿಯವನ ಇಂಗ್ಲಿಷ್ ಗಿರಕಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಎರಡೇ ಮಾತು ಎಂದು ಶುರುಮಾಡಿ ಚಹಾ ತಣ್ಣಗಾಗುವವರೆಗೆ ಮಾತಾಡಿದ ಮುಖ್ಯ ಅತಿಥಿಗಳೇ, ನಮ್ಮಂಥವರಿಗೆ ಪಾಠ ಹೇಳಿ ಗಂಟಲು ಕೆಡಿಸಿಕೊಂಡ ಮೇಡಂ ಅವರೇ, ನನ್ನ ಜೊತೆ ಬೆಂಚು ಸವೆಸಿದ ಸಹಪಾಠಿಗಳೇ, ತಿಂಡಿ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಮೊದಲು ನನ್ನದೊಂದು ತಕರಾರಿದೆ. ಬಾಯಲ್ಲಿ ಹೇಳು ಎಂದಿದ್ದರೆ ಹೇಳಿ ಇಳಿಯುತ್ತಿದ್ದೆ. ಬರೆದುಕೊಂಡೇ ಬರಬೇಕೆಂದು ಮೇಡಂ ಹಠ ಹಿಡಿದರು. "ಬರೀದೆ ಮಾತಾಡಿದ್ರೆ ನೀವು ಯಾರನ್ನ ಬೈತೀರೋ ಹೇಳೋಕಾಗಲ್ಲ" ಎಂದರು. ನಾನು ಐದನೇ ತರಗತಿಗೆ ಶಾಲೆಗೆ ಬೆನ್ನು ಹಾಕಿದವನು. ಪೆನ್ನು ಹಿಡಿದರೆ ಕೈ ನೋಯುತ್ತದೆ, ಕೈ ನೋವಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಬೈಗುಳ ಬರುತ್ತದೆ. ಹಾಗಾದರೆ ಬರೆಸಿ ಏನು ಬಂತು, ಹೇಳಿ?

ಸಂಜೆ ಇಂಗ್ಲಿಷ್ ತರಗತಿಯ ಈ ಕೊನೆಯ ದಿನ ಒಬ್ಬೊಬ್ಬರು ಒಂದೊಂದು ಪಾಠದ ಬಗ್ಗೆ ಮಾತಾಡಬೇಕಂತೆ. ನನಗೆ ಕೊಟ್ಟದ್ದು ತಿರುಗುವ ಪಾಠ. ಜೀವಮಾನವೆಲ್ಲ ಫ್ಯಾನು, ಮೋಟಾರು ರಿಪೇರಿ ಮಾಡಿದವನಿಗೆ ಇನ್ನೇನು ಕೊಡುತ್ತಾರೆ?

ನಮ್ಮಲ್ಲಿ ನೋಡಿ, ಚಕ್ರ ತಿರುಗುತ್ತದೆ, ತಲೆ ತಿರುಗುತ್ತದೆ, ಕೆಲಸವಿಲ್ಲದವನು ಊರೆಲ್ಲ ತಿರುಗುತ್ತಾನೆ. ಒಂದೇ ಮಾತಿನಲ್ಲಿ ಎಲ್ಲವೂ ಮುಗಿಯಿತು. ಇಂಗ್ಲಿಷಿನವರಿಗೆ ಅಷ್ಟು ಸಾಲದು. ಬೀಗದ ಕೈ, ಪುಸ್ತಕದ ಹಾಳೆ, ರಸ್ತೆಯ ಮೂಲೆ, ಇವಕ್ಕೆಲ್ಲ ಟರ್ನ್. ಬುಗುರಿ ಗಿರಗಿರನೆ ಸುತ್ತಿದರೆ ಸ್ಪಿನ್. ಬಟ್ಟೆ ಒಗೆಯುವ ಯಂತ್ರ ಕೊನೆಯಲ್ಲಿ ಹುಚ್ಚು ಹಿಡಿದ ಹಾಗೆ ಕುಣಿಯುವುದೂ ಸ್ಪಿನ್ನೇ. ಸೀಸೆಯ ಮುಚ್ಚಳ ತಿರುಚಿದರೆ ಟ್ವಿಸ್ಟ್. ಪೀಪಾಯಿ ಉರುಳಿದರೆ ರೋಲ್. ತನ್ನಷ್ಟಕ್ಕೆ ತಾನು ಸುತ್ತಿದರೆ ರೊಟೇಟ್, ಇನ್ನೊಬ್ಬರ ಸುತ್ತ ಸುತ್ತಿದರೆ ರಿವಾಲ್ವ್. ನಾನು ಎದ್ದು ನಿಂತು ಕೇಳಿದೆ, "ಹಾಗಾದ್ರೆ ಮದುವೆಯಾದ ಗಂಡಸು ರೊಟೇಟೋ, ರಿವಾಲ್ವೋ ಮೇಡಂ?" ಮೇಡಂ ತಡಮಾಡಲಿಲ್ಲ. "ಮನೆಗೆ ಹೋಗಿ ಕೇಳಿ, ಅವರು ಸರಿಯಾಗಿ ಹೇಳ್ತಾರೆ" ಎಂದರು. ಕೇಳಿದೆ. ಹೇಳಿದಳು. ಅದನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ಇಲ್ಲಿಗೆ ನನ್ನನ್ನು ಸೇರಿಸಿದ್ದೂ ನಮ್ಮ ಮನೆಯವಳೇ. "ಹೋಗಿ ಏನಾದ್ರೂ ಕಲೀರಿ, ಸಂಜೆಯೆಲ್ಲ ಕೂತು ನನ್ನ ತಲೆ ತಿನ್ಬೇಡಿ" ಎಂದಳು. ಮೊದಲ ದಿನ ಬಂದು ನೋಡಿದರೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಅವಳ ತಮ್ಮ ಕೂತಿದ್ದಾನೆ! ಅಂದರೆ ನನ್ನ ಭಾವಮೈದ. ಅವನು ಸೇರಿದ್ದಾನೆಂದು ತಿಳಿದೇ ಅವಳು ನನ್ನನ್ನು ತಳ್ಳಿದ್ದಳು.

ಅವನಿಗೂ ನನಗೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಒಂದೇ ಮಳಿಗೆಯಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಮಾಡಿದವರು ನಾವು. ನಾನು ತಂತಿ ಸುತ್ತುವುದು, ಅವನು ಜೋಡಿಸುವುದು. ಒಂದು ಹೊಸ ಸಭಾಂಗಣಕ್ಕೆ ಹಳೆಯ ಫ್ಯಾನುಗಳನ್ನೆಲ್ಲ ಸರಿಮಾಡಿ ಹಾಕಿಕೊಟ್ಟೆವು. ತಲೆಯೆತ್ತಿ ನೋಡಬೇಡಿ, ಈ ಸಭಾಂಗಣವಲ್ಲ. ಉದ್ಘಾಟನೆಯ ದಿನ ಗುಂಡಿ ಒತ್ತಿದರು. ಎಲ್ಲವೂ ತಿರುಗಿದವು. ಆದರೆ ಉಲ್ಟಾ. ಗಾಳಿಯೆಲ್ಲ ಸೂರಿಗೆ, ಬೆವರೆಲ್ಲ ಜನರಿಗೆ. ಭಾಷಣ ಮಾಡುತ್ತಿದ್ದವರು ಒದ್ದೆ ಅಂಗಿಯಲ್ಲೇ ನಮ್ಮಿಬ್ಬರನ್ನೂ ಬೈದರು. ತಪ್ಪು ಯಾರದೆಂದು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ಮೂರನೇ ಸಾಲಿನಲ್ಲಿ ಕೂತವನೊಬ್ಬ ಎದ್ದು ಹೋಗುತ್ತಾನೆ. ತಂತಿ ಸುತ್ತಿದ್ದಂತೂ ಸರಿಯಾಗಿಯೇ ಇತ್ತು. ಅಷ್ಟು ಹೇಳಿದರೆ ಸಾಕು.

ಅವತ್ತು ಮಳಿಗೆಯ ನಡುವೆ ಪ್ಲೈವುಡ್ ಗೋಡೆ ಬಂತು. ಪ್ಲೈವುಡ್ಡಿಗೆ ಕಣ್ಣಿಲ್ಲ ನಿಜ, ಕಿವಿಯಂತೂ ಇದೆ. ಆ ಕಡೆ ಅವನ ಮೋಟಾರು ಗರಗರ ಎಂದರೆ ಬೇರಿಂಗ್ ಹೋಗಿದೆಯೆಂದು ಈ ಕಡೆ ಕೂತ ನನಗೆ ತಿಳಿಯುತ್ತದೆ. ಅವನಿಗೆ ಹೇಳುವಂತಿಲ್ಲ. ಎದುರಿಗಿದ್ದ ಗಿರಾಕಿಗೆ ಗಟ್ಟಿಯಾಗಿ ಹೇಳುತ್ತೇನೆ, "ಕೆಲವರು ಬೇರಿಂಗ್ ನೋಡದೇನೇ ತಂತಿ ಬಿಚ್ಚೋಕೆ ಕೂರ್ತಾರೆ ಸ್ವಾಮಿ!" ಕೂಡಲೇ ಆ ಕಡೆ ಬೇರಿಂಗ್ ತೆಗೆಯುವ ಸುತ್ತಿಗೆಯ ಸದ್ದು. ಅವನೇನು ಕಡಿಮೆಯೇ? ಒಂದು ದಿನ ಆ ಕಡೆಯಿಂದ ಕೇಳಿಸಿತು, "ಕೆಲವರಿಗೆ ಕಣ್ಣು ಮಂಜಾದ್ರೂ ಕನ್ನಡಕ ಅಂದ್ರೆ ನಾಚಿಕೆ. ಕೈ ಸುಟ್ಕೊಂಡ ಮೇಲೇ ಬುದ್ಧಿ." ಮರುದಿನ ಹೋಗಿ ಇದನ್ನು ಮಾಡಿಸಿಕೊಂಡೆ. ಈಗ ಮೂಗಿನ ಮೇಲಿರುವುದು ಅದೇ.

ಅವನೇಕೆ ಇಂಗ್ಲಿಷಿಗೆ ಬಂದ? ಮಳಿಗೆಯ ಮಾಲೀಕರು ಹೇಳಿದರು. ಈ ತಿಂಗಳ ಕೊನೆಗೆ ತನ್ನ ಪಾಲಿನ ಜಾಗ ಬಿಟ್ಟು, ಯಾವುದೋ ದೊಡ್ಡ ಅಂಗಡಿಯ ರಿಪೇರಿ ವಿಭಾಗಕ್ಕೆ ಸೇರುತ್ತಾನಂತೆ. ಅಲ್ಲಿ ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕಂತೆ. ಹೋಗಲಿ ಬಿಡಿ, ನನಗೇನು? ನನಗೇನೂ ಇಲ್ಲ. ಆದರೆ ಪ್ಲೈವುಡ್ಡಿನ ಆ ಕಡೆ ನಾಳೆ ಯಾರೋ ಮೊಬೈಲ್ ಕವರ್ ಮಾರುವವನು ಬಂದು ಕೂತರೆ, ನಾನು ಯಾರಿಗೆ ಕೇಳಲೆಂದು ಗಟ್ಟಿಯಾಗಿ ಮಾತಾಡಬೇಕು? ಯೋಚನೆ ಮಾಡಿ.

ಮೇಡಂಗೆ ಆಗ ಇದೊಂದೂ ಗೊತ್ತಿರಲಿಲ್ಲ. ತಿರುಗುವ ಪಾಠದ ದಿನ ನಮ್ಮಿಬ್ಬರನ್ನೇ ಜೋಡಿ ಮಾಡಿ ಎಬ್ಬಿಸಿದರು. ಒಬ್ಬರು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬರು ಹೇಳಿದಂತೆ ಮಾಡಬೇಕು. ಇಂಗ್ಲಿಷಿನಲ್ಲಿ ಆಡಿದರೆ ಅದು ಮಾತಾಡಿದ ಲೆಕ್ಕವಲ್ಲವೆಂದು ನಾನೂ ಒಪ್ಪಿದೆ. "ಟರ್ನ್ ಅರೌಂಡ್" ಎಂದೆ. ತಿರುಗಿ ಬೆನ್ನು ಹಾಕಿ ನಿಂತ. "ಟರ್ನ್ ಅರೌಂಡ್" ಎಂದು ಮತ್ತೆ ಹೇಳಿದೆ, ನನ್ನ ಕಡೆ ತಿರುಗಲೆಂದು. ಅಲ್ಲಾಡಲಿಲ್ಲ. ಅವನಿಗೆ ಅರ್ಥವಾಗಲಿಲ್ಲವೆಂದು ಮೇಡಂ ಬಿಡಿಸಿ ಹೇಳಿದರು. ಪಾಪ! ಅವನಿಗೆ ಅರ್ಥವಾಗಿತ್ತು. ನಮ್ಮಿಬ್ಬರಿಗೂ ಆಗಿತ್ತು.

ಆಮೇಲೆ ಅವನ ಸರದಿ. "ಸ್ಪಿನ್" ಎಂದ. ಗಿರಕಿ ಹೊಡೆದೆ. "ಸ್ಪಿನ್" ಎಂದ. ಹೊಡೆದೆ. ಮತ್ತೆ "ಸ್ಪಿನ್". ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾಚಿಕೆಯಿಲ್ಲದವರು! ಈ ವಯಸ್ಸಿನಲ್ಲಿ ಎಷ್ಟು ಸುತ್ತಲಿ? ಗೋಡೆ, ಕಿಟಕಿ, ಮೇಡಂ ಎಲ್ಲ ಒಟ್ಟಿಗೆ ಸುತ್ತತೊಡಗಿದರು. ಕಾಲು ತಪ್ಪಿತು. ಆಗ ಯಾರೋ ನನ್ನ ರಟ್ಟೆ ಹಿಡಿದರು.

"ಮೆಲ್ಲಗೆ ಭಾವ, ಬಿದ್ದೀರಿ."

ಒಂಬತ್ತು ವರ್ಷದ ಮೇಲೆ "ಭಾವ" ಎಂದ. ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ಮೇಜು ಕುಟ್ಟಿದರು. "ಕ್ಲಾಸಲ್ಲಿ ಕನ್ನಡ ಬೇಡ!"

ಅವನು ರಟ್ಟೆ ಬಿಟ್ಟ. ನಾನು ಹೋಗಿ ಕೂತೆ. ಮೇಡಂ, ನೀವು ಒಳ್ಳೆಯವರು, ನಿಮ್ಮಿಂದ ನಾಲ್ಕಕ್ಷರ ಕಲಿತೆ. ಆದರೆ ಅವತ್ತು ನಿಮ್ಮ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮನೆಯಲ್ಲಿ ಹೇಳಿದೆ. ನಮ್ಮವಳು ಪಾತ್ರೆ ಒರೆಸುತ್ತಲೇ ಅಂದಳು, "ಅವನು ಕರೆದಾಯ್ತಲ್ಲ. ಇನ್ನು ಓ ಅನ್ನೋದು ಯಾರ ಕೆಲಸ?" ನಾನು ತಟ್ಟೆ ಖಾಲಿ ಮಾಡಿ ಎದ್ದೆ. ಮಳಿಗೆಗೆ ಹೋಗಿ ಪ್ಲೈವುಡ್ಡಿನ ಮುಂದೆ ನಿಂತೂ ನೋಡಿದೆ. ಗಿರಾಕಿ ಇಲ್ಲದೆ ಮಾತು ಹೊರಡಲಿಲ್ಲ. ಇವತ್ತು ಇಷ್ಟು ಜನ ಗಿರಾಕಿಗಳು ಕೂತಿದ್ದೀರಿ. ಅದಕ್ಕೇ ಈ ಕೈನೋವು.

ಸಭೆ ಏರ್ಪಡಿಸಿದವರಿಗೆ, ಪಾಠಕ್ಕೆ ಬಾಡಿಗೆ ಕೇಳದೆ ಕೋಣೆ ಕೊಟ್ಟ ಗ್ರಂಥಾಲಯದವರಿಗೆ, ನನ್ನ ಅಕ್ಷರ ತಿದ್ದಿದ ಮೇಡಂಗೆ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಕಣ್ಣೊರೆಸಿಕೊಳ್ಳುತ್ತಿರುವ ನಮ್ಮ ಮನೆಯವಳಿಗೆ ವಂದನೆಗಳು.

ಇನ್ನು ನೀನು. ಕಿಟಕಿ ನೋಡಬೇಡ, ನಿನಗೇ ಹೇಳುತ್ತಿರುವುದು. ಬಡಗಿಗೆ ಇಪ್ಪತ್ತಾರಕ್ಕೆ ಬರಲು ಹೇಳಿದ್ದೇನೆ. ಅವನು ಬಂದು ಪ್ಲೈವುಡ್ ಕೀಳಬೇಕೋ, ಹಾಗೇ ವಾಪಸು ಹೋಗಬೇಕೋ? ಇಪ್ಪತ್ತೈದನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.

ಎಲ್ಲರಿಗೂ ನಮಸ್ಕಾರ.