ಹೊರಡದವರಿಗೆ ಬೀಳ್ಕೊಡುಗೆ

ಅರಳೀಕಟ್ಟೆ ರಸ್ತೆ ನಾಗರಿಕರ ಸಂಘದ ಮಾನ್ಯ ಅಧ್ಯಕ್ಷರಾದ ಚನ್ನಮಲ್ಲಪ್ಪನವರೇ, ಮುಖ್ಯ ಅತಿಥಿಗಳೇ, ಮದುಮಗನ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಗುರುಗಳಾದ ಅನಂತಲಕ್ಷ್ಮಮ್ಮನವರೇ, ಮತ್ತು ಊಟದ ಹೊತ್ತಿಗಿಂತ ಮುಂಚೆಯೇ ಬಂದಿರುವ ಸಭಿಕರೇ,

ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿ ಮೇ ತಿಂಗಳ ಒಂದು ಸೋಮವಾರ ಸಂಜೆ, ಇದೇ ಭವನದ ಗೋಡೆಯಿಂದ ಜರ್ಮನ್ ತರಗತಿಯ ಕರಿಹಲಗೆಯನ್ನು ಬಿಚ್ಚಿ, ಅದರ ಮೇಲಿದ್ದ ಪಾಠವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಬ್ಬ ವಧುವಿನ ಮತ್ತು ಒಬ್ಬ ವರನ ಹೆಸರು ಬರೆದು ಬಾಗಿಲಲ್ಲಿ ನಿಲ್ಲಿಸಲಾಯಿತು. ಅದು ಇನ್ನೂ ಬಾಗಿಲಲ್ಲೇ ಇದೆ. ತಾವೆಲ್ಲರೂ ಒಳಗೆ ಬರುವಾಗ ನೋಡಿದ್ದೀರಿ. ಇವತ್ತು ಹಲಗೆಯ ಮೇಲ್ಗಡೆ ಅನಂತಲಕ್ಷ್ಮಮ್ಮನವರಿಗೆ ಬೀಳ್ಕೊಡುಗೆ, ಕೆಳಗಡೆ ನಾಳೆಯ ಮದುವೆ.

ಗುರುಗಳ ಜೀವನ ಮತ್ತು ಸೇವೆಯನ್ನು ಕುರಿತು ಮಾತಾಡಬೇಕೆಂದು ಸಂಘದವರು ನನ್ನನ್ನು ಕೇಳಿದ್ದಾರೆ. ಅದನ್ನೇ ಮಾತಾಡುತ್ತಿದ್ದೇನೆ.

ಅನಂತಲಕ್ಷ್ಮಮ್ಮನವರು ಜರ್ಮನ್ ಕಲಿತದ್ದು ಎಲೆಕೋಸು ಕೊಳ್ಳುವುದಕ್ಕೆ. ಅವರ ಯಜಮಾನರನ್ನು ಕಾರ್ಖಾನೆಯವರು ತರಬೇತಿಗೆಂದು ಆ ದೇಶಕ್ಕೆ ಕಳಿಸಿದ್ದರು. ಇವರೂ ಜೊತೆಗೆ ಹೋದರು. ಅಲ್ಲಿಯ ಚಳಿಗಾಲದಲ್ಲಿ ಎಲೆಕೋಸು ಬಿಟ್ಟು ಬೇರೆ ತರಕಾರಿ ಸಿಗುತ್ತಿರಲಿಲ್ಲವಂತೆ. ಚೌಕಾಸಿ ಮಾಡಬೇಕಲ್ಲ, ಹಾಗಾಗಿ ಭಾಷೆ ಚೆನ್ನಾಗಿಯೇ ಬಂತು. ಆಮೇಲೆ ಪರೀಕ್ಷೆಗಳನ್ನೂ ಪಾಸು ಮಾಡಿದರು. ಯಜಮಾನರು ತೀರಿಕೊಂಡ ಮೇಲೆ ರಾಜಾಜಿನಗರದ ಇದೇ ರಸ್ತೆಯ ತಮ್ಮ ಮನೆಯ ಜಗುಲಿಯಲ್ಲಿ ತರಗತಿ ಶುರು ಮಾಡಿದರು. ನಮ್ಮ ಕಡೆಯ ಕಾರ್ಖಾನೆಗಳಿಗೆ ಯಂತ್ರಗಳು ಬರುತ್ತಿದ್ದುದು ಆ ದೇಶದಿಂದ. ಯಂತ್ರ ಕೆಟ್ಟರೆ ಅದರ ಜೊತೆ ಬಂದ ಪುಸ್ತಕ ಓದುವವರು ಬೇಕು. ಓದಬಲ್ಲ ಫಿಟ್ಟರನಿಗೆ ಬಡ್ತಿ, ಅದೃಷ್ಟವಿದ್ದರೆ ವಿಮಾನ.

ಶುಲ್ಕವಿರಲಿಲ್ಲ. ಅದರ ಬದಲು ಭಾನುವಾರ ಬೆಳಗ್ಗೆ ಇತ್ತು. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೊಂದು ಬೆಳಗ್ಗೆ ಬಡಾವಣೆಯ ಕೆಲಸ ಮಾಡಬೇಕು, ಮಾಡುವಾಗ ಜರ್ಮನ್‌ನಲ್ಲೇ ಮಾತಾಡಬೇಕು. ಮೊದಲನೆಯ ಭಾನುವಾರ ನಮಗೆ ಸಿಕ್ಕಿದ್ದು ಕಟ್ಟಿಕೊಂಡ ಮೋರಿ. ಫಿಟ್ಟರ್ ಮುನಿರಾಮಯ್ಯ ಮೊಣಕಾಲುದ್ದ ಕೆಸರಲ್ಲಿ ನಿಂತು ಕೇಳಿದ: "ಅಲ್ಲ ಮೇಡಂ, ಜರ್ಮನಿಗೆ ಹೋಗೋ ದಾರಿ ಇದರೊಳಗಿಂದ್ಲಾ?"

"ಹೌದಪ್ಪ. ಎಲ್ಲರೂ ಇದೇ ದಾರೀಲೇ ಹೋಗೋದು. ತೋಡು," ಅಂದರು ಗುರುಗಳು.

ಆ ಮೋರಿಗೆ ಜರ್ಮನ್ ಮೋರಿ ಎಂಬ ಹೆಸರೇ ನಿಂತಿತು. ಮಳೆಗಾಲದಲ್ಲಿ ನಮ್ಮ ರಸ್ತೆಯೊಂದರಲ್ಲೇ ನೀರು ನಿಲ್ಲುವುದಿಲ್ಲ. ಅದರ ಕೀರ್ತಿಯನ್ನು ಆಮೇಲೆ ಮೂವರು ಜನಪ್ರತಿನಿಧಿಗಳು ಹಂಚಿಕೊಂಡರು.

ತರಕಾರಿ ಮಾರುವ ಅಕ್ಕಯ್ಯಮ್ಮನ ಮನೆಗೆ ಹೆಂಚು ಹೊದಿಸಿದೆವು. ನಾವು ಮೂಲೆ ತಿರುಗುತ್ತಲೇ ಆಕೆ ಸೊಸೆಗೆ ಕೂಗುತ್ತಿದ್ದಳು: "ಲೇ, ಜರ್ಮನಿಯೋರು ಬಂದವ್ರೆ, ಕಾಫಿಗೆ ನೀರಿಡೇ." ಅಲ್ಲಿ ಕುಡಿದಷ್ಟು ಕಾಫಿಯನ್ನು ನಾನು ನೆಂಟರ ಮನೆಯಲ್ಲೂ ಕುಡಿದಿಲ್ಲ.

ನನ್ನ ವಿಷಯ ಇಲ್ಲಿ ಮುಖ್ಯವಲ್ಲ. ನಾನು ಅಂಚೆ ಕಚೇರಿಯ ಗುಮಾಸ್ತ. ಯಂತ್ರಕ್ಕೂ ನನಗೂ ಸಂಬಂಧವಿಲ್ಲ. "ನಿಮಗ್ಯಾಕ್ರೀ ಜರ್ಮನ್ನು?" ಎಂದು ನನ್ನ ಹೆಂಡತಿ ವತ್ಸಲಾ ಮೊದಲ ದಿನ ಕೇಳಿದಳು. ಹೋದ ವಾರವೂ ಕೇಳಿದಳು. ನಾನು ಹನ್ನೊಂದು ವರ್ಷದಿಂದ ಮೊದಲನೆಯ ತರಗತಿಯಲ್ಲಿಯೇ ಇದ್ದೇನೆ. ಎರಡನೆಯ ತರಗತಿಯನ್ನು ಬೇರೊಬ್ಬರು, ಬೇರೆ ಕಡೆ ನಡೆಸುತ್ತಾರೆ. ಕಾರಣ ಅದಲ್ಲ. ತಳಪಾಯ ಗಟ್ಟಿಯಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ತಳಪಾಯ ಎಂದಾಗ ಈ ಭವನದ ಮಾತು ಬರುತ್ತದೆ. ಇದರ ತಳಪಾಯ ತೋಡಿದವರು ಯಾರು? ಭಾನುವಾರದ ಜರ್ಮನ್ ತರಗತಿ. ಮಣ್ಣು ಹೊತ್ತವರು ಯಾರು? ಅವರೇ. ಬಾಗಿಲ ಮುಂದಿನ ಕಲ್ಲು ಚಪ್ಪಡಿಯ ಒಂದು ಮೂಲೆ ಮುರಿದಿದೆ, ನೋಡಿದ್ದೀರಿ. ಅದನ್ನು ಹೊತ್ತು ತರುವಾಗ ಮುಂದಿದ್ದ ಮುನಿರಾಮಯ್ಯ ಜರ್ಮನ್‌ನಲ್ಲಿ ಎಡಕ್ಕೆ ಎಂದು ಕೂಗಿದ. ಹಿಂದಿದ್ದ ನಾನು ಬಲಕ್ಕೆ ಹೋದೆ. ಗುರುಗಳು ಮುರಿದ ಮೂಲೆಯನ್ನು ನೋಡಿ, "ಇರಲಿ ಬಿಡಿ. ಇನ್ಮೇಲೆ ಎಡ ಯಾವುದು ಅಂತ ಗೋಪೀನಾಥ ಮರೆಯಲ್ಲ," ಎಂದರು. ಮರೆತಿಲ್ಲ. ಎಷ್ಟು ಮದುಮಕ್ಕಳು ಆ ಚಪ್ಪಡಿ ದಾಟಿ ಒಳಗೆ ಬಂದಿದ್ದಾರೋ, ಎಲ್ಲರೂ ನನ್ನ ತಪ್ಪನ್ನು ತುಳಿದುಕೊಂಡೇ ಬಂದಿದ್ದಾರೆ.

ಭವನ ಕಟ್ಟಿದ್ದು ವಾಚನಾಲಯಕ್ಕೆ ಮತ್ತು ತರಗತಿಗೆ. ಶಂಕುಸ್ಥಾಪನೆಯ ದಿನ ಹಾಗೆಂದು ಮೈಕಿನಲ್ಲಿ ಹೇಳಿದವರು ಇದೇ ಚನ್ನಮಲ್ಲಪ್ಪನವರು. ಮೂರು ವರ್ಷ ಹಾಗೆಯೇ ನಡೆಯಿತು. ಆಮೇಲೆ ಅಧ್ಯಕ್ಷರ ತಂಗಿಯ ಮಗನಿಗೆ ಛತ್ರ ಸಿಗಲಿಲ್ಲ. ನಾನು ಆಕ್ಷೇಪಿಸಿದೆ. ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿ ಹೇಳಿದರು: "ಒಂದೇ ಒಂದು ಲಗ್ನ ರೀ ಗೋಪೀನಾಥ್. ನಾಳೆ ಬೋರ್ಡು ಅದೇ ಗೋಡಿಗೆ ಇರ್ತೈತಿ." ಅದು ತುರ್ತು ಪರಿಸ್ಥಿತಿಯ ಕಾಲ. ಮರುಪ್ರಶ್ನೆ ಕೇಳುವ ಅಭ್ಯಾಸ ಜನಕ್ಕೆ ತಪ್ಪಿಹೋಗಿತ್ತು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವಾಗುತ್ತ ಬಂತು. ಆ ಸುದ್ದಿ ನಮ್ಮ ಸಂಘದ ಕಚೇರಿಗೆ ತಲುಪಿದೆಯೋ ಇಲ್ಲವೋ ನಾನರಿಯೆ.

ತರಗತಿ ಎಲ್ಲಿ ನಡೆಯುತ್ತಿದೆ ಎಂದು ಮುಖ್ಯ ಅತಿಥಿಗಳು ಕೇಳಬಹುದು. ಅಡುಗೆಮನೆಯ ಹಿಂದೆ, ಪಾತ್ರೆ ಕೋಣೆಯಲ್ಲಿ. ಕರಿಹಲಗೆ ಇಲ್ಲದ್ದರಿಂದ ಗುರುಗಳು ದೊಡ್ಡ ಕೊಪ್ಪರಿಗೆಯನ್ನು ಗೋಡೆಗೆ ಒರಗಿಸಿ, ಅದರ ಮಸಿ ಹಿಡಿದ ತಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ಮದುವೆಯ ದಿನಗಳಲ್ಲಿ ಮಾತ್ರ ಪಾಠ ಒಲೆಯ ಮೇಲೆ ಹೋಗುತ್ತದೆ. ಈ ಭವನದಲ್ಲಿ ತಾವು ಉಂಡ ಸಾರೆಲ್ಲ ನಮ್ಮ ಪಾಠದ ಮೇಲೆ ಕುದಿದದ್ದು.

ನನ್ನ ಮಗಳ ಮದುವೆಯನ್ನು ನಾನು ಇಲ್ಲಿ ಮಾಡಲಿಲ್ಲ. ರಸ್ತೆಗೆ ಶಾಮಿಯಾನ ಹಾಕಿ ಮಾಡಿದೆ. ಮಳೆ ಬಂತು. ಬೀಗರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಅದರಿಂದ ವಿಶೇಷ ನಷ್ಟವೇನೂ ಆಗಿಲ್ಲ.

ಇನ್ನು ಈ ದಿನದ ಸಮಾರಂಭ. ಹೋದ ಗುರುವಾರ ಪಾಠ ನಡೆಯುತ್ತಿದ್ದಾಗ ಭವನದ ಕಾವಲುಗಾರ ಬೈರಯ್ಯ ಆಮಂತ್ರಣ ಪತ್ರಿಕೆ ತಂದುಕೊಟ್ಟ. ಗುರುಗಳು ಕನ್ನಡಕ ಹಾಕಿಕೊಂಡು ಓದಿದರು. ನಿವೃತ್ತರಾಗುತ್ತಿರುವ ಅನಂತಲಕ್ಷ್ಮಮ್ಮನವರಿಗೆ ಬೀಳ್ಕೊಡುಗೆ ಎಂದಿತ್ತು. ಅವರು ನನ್ನ ಕಡೆ ತಿರುಗಿ ಕೇಳಿದರು: "ಗೋಪೀನಾಥ, ನಾನು ಎಲ್ಲಿಗೆ ಹೋಗ್ತಾ ಇದೀನಿ, ನಿನಗೇನಾದ್ರೂ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಬೈರಯ್ಯನಿಗೆ ಗೊತ್ತಿತ್ತು. "ಪಾತ್ರೆ ಕೋಣೆ ಒಡೆದು ಮದುವಣಗಿತ್ತಿ ರೂಮು ಕಟ್ತಾರಂತಮ್ಮ," ಎಂದ. ಪಾಪ, ಅವನಿಗೆ ಗುಟ್ಟು ಎಂದು ಯಾರೂ ಹೇಳಿರಲಿಲ್ಲ.

ಸಭಿಕರೇ, ಗುರುಗಳು ನಿವೃತ್ತರಾಗುವುದಾಗಿ ಯಾರಿಗೆ ಹೇಳಿದ್ದರು? ಹೊರಡದವರನ್ನು ಬೀಳ್ಕೊಡುವುದು ಯಾವ ಊರಿನ ಮರ್ಯಾದೆ? ಅವರು ಮೂರು ಮನೆ ಆಚೆ ಇರುತ್ತಾರೆ. ಇಂದು ರಾತ್ರಿ ಈ ಶಾಲು, ಈ ಗಂಧದ ಹಾರ, ಈ ಹಣ್ಣಿನ ಬುಟ್ಟಿ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಾರೆ. ಸೋಮವಾರ ಸಂಜೆ ಆರು ಗಂಟೆಗೆ ಸೀಮೆಸುಣ್ಣ ಹಿಡಿದು ಇಲ್ಲಿಗೇ ಬರುತ್ತಾರೆ. ಅವರ ಹಿಂದೆ ಮುನಿರಾಮಯ್ಯನ ಮಗನೂ ಅವನ ಜೊತೆಯವರೂ ಇರುತ್ತಾರೆ. ಆ ಹುಡುಗರಿಗೆ ಈ ಸಲದ ಪರೀಕ್ಷೆ ತಪ್ಪಿದರೆ ಜರ್ಮನಿಯ ತರಬೇತಿಯೂ ತಪ್ಪುತ್ತದೆ. ನಾನೂ ಇರುತ್ತೇನೆ, ಮೊದಲನೆಯ ತರಗತಿಗೆ.

ನನ್ನನ್ನು ಕರೆದ ಸಂಘಕ್ಕೆ, ತಾಳ್ಮೆಯಿಂದ ಕೇಳಿದ ತಮಗೆ, ಧ್ವನಿವರ್ಧಕವನ್ನು ಇನ್ನೂ ಆಫ್ ಮಾಡದೆ ಇರುವ ಕಿಟ್ಟಿಗೆ ನನ್ನ ಕೃತಜ್ಞತೆಗಳು. ಗುರುಗಳಿಗೂ ತಮ್ಮೆಲ್ಲರಿಗೂ ನಮಸ್ಕಾರ. ಮುಂದಿನದು ಅಧ್ಯಕ್ಷರ ಭಾಷಣ. ಶಂಕುಸ್ಥಾಪನೆಯ ದಿನ ಇದೇ ಮೈಕಿನಲ್ಲಿ ಮಾತು ಕೊಟ್ಟವರು ಇದೇ ಮೈಕಿನಲ್ಲಿ, ವಂದನಾರ್ಪಣೆಗೆ ಮೊದಲು, ಇಷ್ಟನ್ನು ಹೇಳಲಿ: ಸೋಮವಾರ ಸಂಜೆ ಆರಕ್ಕೆ ಬಾಗಿಲು ತೆಗೆಯುವವರು ಯಾರು, ಮತ್ತು ಆ ಹೊತ್ತಿಗೆ ಕರಿಹಲಗೆ ಯಾವ ಗೋಡೆಯ ಮೇಲಿರುತ್ತದೆ?