ಮೇಲಿನ ನಾಲ್ಕು ಸಾಲು

…ಇಲ್ಲ ಅತ್ತಿಗೆ, ನೀವು ಇಸ್ತ್ರಿ ಮಾಡ್ತಾನೇ ಇರಿ, ನಾನು ನಿಂತ್ಕೊಂಡೇ ಹೇಳ್ತೀನಿ. ಕೂತ್ಕೊಳ್ಳೋಕೆ ಎಲ್ಲಾಗುತ್ತೆ! ಬೆಳಿಗ್ಗೆಯಿಂದ ಕಾಲು ಒಂದ್ ಕಡೆ ನಿಲ್ತಿಲ್ಲ. ಅಣ್ಣನ ಶರ್ಟಾ ಅದು? ಕಾಲರ್ ಮಡಚ್ಕೊಂಡಿದೆ, ಅಲ್ಲಿ… ಸರಿ, ಸರಿ, ವಿಷಯಕ್ಕೆ ಬರ್ತೀನಿ.

ನಮ್ಮ ಕಣ್ಣಾಸ್ಪತ್ರೆ ವೆಬ್‌ಸೈಟಲ್ಲಿ ಆಪರೇಷನ್‌ಗೆ ದಿನ ಗೊತ್ತು ಮಾಡ್ಕೊಳ್ಳೋ ಫಾರ್ಮ್ ಇದೆಯಲ್ಲ, ಆರು ವರ್ಷದ ಹಿಂದೆ ನೀವೇ ಬರೆದದ್ದು… ಅದು ಕೈ ಕೊಟ್ಟಿದೆ. ಹಾಗಂತ ನಿಂತಿಲ್ಲ! ನಿಂತಿದ್ರೆ ಎಷ್ಟೋ ಚೆನ್ನಾಗಿತ್ತು. ಜನ ಹೆಸರು ಬರೀತಾರೆ, ನಂಬರ್ ಬರೀತಾರೆ, ಬಟನ್ ಒತ್ತುತಾರೆ. ‘ಧನ್ಯವಾದ, ನಿಮ್ಮ ಹೆಸರು ಸೇರಿಸಿದ್ದೇವೆ’ ಅಂತ ನಗುನಗ್ತಾ ಹೇಳುತ್ತೆ. ಒಳಗೆ ನೋಡಿದ್ರೆ ಹೆಸರೂ ಖಾಲಿ, ನಂಬರೂ ಖಾಲಿ! ಹನ್ನೊಂದು ದಿನ, ಅತ್ತಿಗೆ. ಇನ್ನೂರಾರು ಜನ. ಇವತ್ತು ಒಬ್ಬರು ಅಜ್ಜಿ ಖಾಲಿ ಹೊಟ್ಟೇಲಿ ಬಂದಿದ್ರು, ಮಗಳ ಕೈ ಹಿಡ್ಕೊಂಡು. ಕೌಂಟರಿನವಳು, “ಅಮ್ಮಾ, ನಿಮ್ಮ ಹೆಸರೇ ಇಲ್ಲ” ಅಂದ್ಲು. ಅಜ್ಜಿ ಏನಂದ್ರು ಗೊತ್ತಾ? “ಇರುತ್ತೆ ಕಣಮ್ಮ, ಸರಿಯಾಗಿ ನೋಡು. ನಿನಗೂ ಕಣ್ಣು ಮಂಜಾ?”

ಯಾಕೆ ನಗ್ತೀರಾ? ನನಗೇನೂ ನಗು ಬರ್ಲಿಲ್ಲ.

ಆಗಿದ್ದಿಷ್ಟೇ. ಸರ್ವರಿಗೆ ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಬಿತ್ತು. ಮೊದಲು ಫಾರ್ಮಲ್ಲಿ ಬರೆದದ್ದೆಲ್ಲ ತಾನಾಗೇ ನೀವು ಬರೆದ ಸ್ಕ್ರಿಪ್ಟಿನ ಕೈಗೆ ಬರ್ತಿತ್ತಲ್ಲ, ಆ ಸೆಟ್ಟಿಂಗನ್ನ ಹೊಸದರಲ್ಲಿ ಪ್ಯಾಕೇಜಿನವರು ಆಫ್ ಮಾಡೇ ಕಳಿಸಿದಾರೆ. ಸೇಫ್ಟಿಗಂತೆ! ಈಗ ಕೇಳಿ ಈಸ್ಕೋಬೇಕು. ನಿಮ್ಮ ಸ್ಕ್ರಿಪ್ಟು, ಪಾಪ, ಕೇಳೋದೇ ಇಲ್ಲ, ಕೈ ಚಾಚ್ಕೊಂಡು ನಿಂತಿದೆ. ಯಾರೋ ಎಲ್ಲೋ ಕೂತು ಒಂದು ‘ಹೌದು’ನ ‘ಇಲ್ಲ’ ಮಾಡಿದ್ರೆ, ಇಲ್ಲಿ ನಮ್ಮ ತಲೆ ಮೇಲೆ ಬರುತ್ತೆ…

ಯಾರು ಹಾಕಿದ್ದು ಅಂತ ನೋಡ್ತಿದ್ದೀರಾ? ಹೂಂ… ನಾನೇ. ಹಾಕ್ಲೇಬೇಕಿತ್ತು! ಹಳೇದಕ್ಕೆ ರಿಪೇರಿ ನಿಲ್ಲಿಸಿಬಿಟ್ಟಿದ್ರು. ಯಾರ ತಪ್ಪೂ ಇಲ್ಲ ಇದರಲ್ಲಿ. ಮ್ಯಾನೇಜರಿಗೂ ಹಾಗೇ… ಹೂಂ, ಹೆಚ್ಚುಕಮ್ಮಿ ಹಾಗೇ ಹೇಳ್ದೆ.

ಶುಕ್ರವಾರ ನಿಮ್ಮ ವೆಬ್‌ಸೈಟ್ ಕಾಂಟ್ರ್ಯಾಕ್ಟ್ ಮುಂದುವರಿಸೋಕೆ ಅವರ ಸಹಿ ಬೀಳಬೇಕು, ಗೊತ್ತು ನನಗೆ. ಅದಕ್ಕೇ ಓಡಿ ಬಂದೆ. ನೀವು ಈಗ್ಲೇ ಕೂತು ಸರಿ ಮಾಡ್ಬಿಟ್ರೆ ಅವರ ಕೋಪ ಇಳಿಯುತ್ತೆ. ನನ್ನನ್ನ ಅಲ್ಲಿ ಕೆಲಸಕ್ಕೆ ಸೇರಿಸಿದೋರು ನೀವು. ನಿಮಗೆ ತೊಂದರೆ ಆದ್ರೆ ನನಗೆ ಅನ್ನ ಇಳಿಯುತ್ತಾ? ತಗೊಳ್ಳಿ, ಲ್ಯಾಪ್‌ಟಾಪ್. ಫೈಲ್ ತೆಗೆದೇ ಇಟ್ಟಿದ್ದೀನಿ.

ನಲವತ್ತನೇ ಸಾಲು. ಅಲ್ಲಿಂದ ಶುರು. ಇಲ್ಲ ಅತ್ತಿಗೆ, ಮೇಲಕ್ಕಲ್ಲ… ಕೆಳಗೆ. ಮೇಲಕ್ಕೆ ಯಾಕೆ ಹೋಗ್ತಿದ್ದೀರಿ? ಮೇಲೇನಿಲ್ಲ.

ಏನಿಲ್ಲ ಅಂದ್ನಲ್ಲ!

…ಇಸ್ತ್ರಿಪೆಟ್ಟಿಗೆ ಎತ್ತಿಡಿ, ಶರ್ಟಿನ ತೋಳು ಸುಟ್ಟೀತು. ಇರ್ಲಿ, ನಾನೇ ಎತ್ತಿಡ್ತೀನಿ. ಹೀಗೆ ನೋಡ್ಬೇಡಿ ಅತ್ತಿಗೆ. ಬೈಯಿರಿ.

ಹೌದು. ಇತ್ತು, ನೀವು ಬರೆದಿಟ್ಟಿದ್ದ ನಾಲ್ಕು ಸಾಲು. ‘ಈ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ ಫಾರ್ಮ್ ನಡೆಯುತ್ತದೆ. ಹೊಸ ಪ್ಯಾಕೇಜ್ ಹಾಕುವ ಮೊದಲು ನನಗೆ ಫೋನ್ ಮಾಡಿ.’ ಕೆಳಗೆ ನಿಮ್ಮ ನಂಬರ್. ಓದಿದ್ದೆ. ಹಾಕೋಕೆ ಮೊದಲೇ ಓದಿದ್ದೆ! ಎಲ್ಲದಕ್ಕೂ ಅತ್ತಿಗೆ ಸೆರಗು ಹಿಡೀತಾನೆ ಅಂತ ಆಫೀಸಲ್ಲಿ ಆಡ್ಕೊಳ್ತಾರೆ, ಅದಕ್ಕೇ… ಫೋನ್ ಮಾಡ್ಲಿಲ್ಲ. ಇವತ್ತು ಮ್ಯಾನೇಜರ್ ಪಕ್ಕ ಬಂದು ಕೂರೋ ಮೊದಲು ಅಳಿಸ್ದೆ. ಆಮೇಲೆ, ‘ಬರೆದೋರು ಒಂದು ಮಾತೂ ಬರೆದಿಟ್ಟಿಲ್ಲ ಸಾರ್’ ಅಂದೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಅತ್ತಿಗೆ… ಭಯ ಆಯ್ತು.

ಯಾರಿಗೆ ಫೋನ್ ಮಾಡ್ತಿದ್ದೀರಿ? ನನ್ನ ಕೈಗ್ಯಾಕೆ ಕೊಡ್ತೀರಾ… ಅಣ್ಣಂಗೆ ಬೇಕಾದ್ರೆ ಹೇಳಿ, ಮ್ಯಾನೇಜರಿಗೆ ಮಾತ್ರ… ರಿಂಗಾಗ್ತಿದೆ. ಇಟ್ಬಿಡ್ಲಾ? ಅತ್ತಿಗೆ?

ಹಲೋ… ಸಾರ್, ನಾನು. ಬೆಳಿಗ್ಗೆ ನಾನು ಹೇಳಿದ್ದು… ಸುಳ್ಳು.