ನಗುನಗುತ್ತ ಹಾಲೂಡುವ ತಾಯಿ

...ಇಲ್ಲ ಇಲ್ಲ, ಮೊದಲಿಂದ ಓದ್ತೀನಿ, ಕೇಳು. ದನಿ ಈಗಷ್ಟ ಛಂದ ಏರಿತ್ತು, ನೀ ನಡುವ 'ಸ್‌ಸ್' ಅಂದುಬಿಟ್ಟಿ! ಕೂಸಿಗೆ ಹಾಲು ಕೊಡು, ಬ್ಯಾಡ ಅಂದೋರು ಯಾರು? ಸಪ್ಪಳ ಮಾಡಬ್ಯಾಡ ಅಷ್ಟ. ಸಂಜಿಗೆ ಸಿಕಂದರಾಬಾದಿನಾಗ ಸಭಾ ಐತಿ ಶಾಂಭವಿ, ಸಭಾ! ಕನ್ನಡ ಸಂಘದ ಕಾರ್ಯದರ್ಶಿ, ನಿನ್ನ ಗಂಡ ಗುರುಶಾಂತ ತಾಯಿಹಾಲಿನ ಮ್ಯಾಲೆ ಮಾತಾಡ್ತಾನ ಅಂದ್ರ ಸಣ್ಣ ಮಾತೇನು?

ಹಾಂ. "ಮಾನ್ಯರೇ! ತಾಯಿಯ ಎದೆಯೆಂದರೆ ಎಂದೂ ಬತ್ತದ ಗಂಗೆ. ಹಾಲೂಡುವ ತಾಯಿಗೆ ನೋವೆಂಬುದೇ ಗೊತ್ತಿಲ್ಲ..."

ಯಾಕ ನಗ್ತಿ? ನಗಾಕತ್ತೀಯೋ ಅಳಾಕತ್ತೀಯೋ, ನಿನ್ನ ಮುಖ ನೋಡಿದ್ರ ಒಂದೂ ತಿಳಿಯಂಗಿಲ್ಲ.

ಐತಿ, ನೋವು ಐತಿ, ಒಪ್ಪತೀನಿ. ಮೊಲೆತೊಟ್ಟು ಸೀಳ್ಯಾವ, ಕೂಸು ಬಾಯಿ ಹಾಕಿದ್ರ ಜೀವ ಹೋಗತೈತಿ ಅಂತ ನೀ ಹೇಳಿದಿ. ನಾ ಕೇಳಲಿಲ್ಲೇನು? ಕೇಳಿ, ಎದ್ದು ಫ್ಯಾನ್ ಜೋರ್ ಮಾಡಿದ್ನೋ ಇಲ್ಲೋ? ಮತ್ತ! ಆದ್ರ ಅದನ್ನ ಭಾಷಣದಾಗ ಹೇಳಾಕ ಬರತೈತೇನು? ಮುಂದ ಹಿರೇರು ಕುಂತಿರ್ತಾರ. ಅಧ್ಯಕ್ಷರು ಚನ್ನಬಸಪ್ಪ ಕಾಕಾರು. ಅವರ ಎದುರಿಗೆ ಮೈಕಿನಾಗ 'ಮೊಲೆತೊಟ್ಟು' ಅನ್ನಲೇನು? ನಾ 'ಅಮೃತಕಲಶ' ಅಂತ ಬರದೀನಿ. ಕಲಶ ಎಲ್ಯಾರ ಸೀಳತೈತೇನು? ಕಲಶಕ್ಕ ರಕ್ತ ಬರತೈತೇನು?

ಆ ಕಡಿ ಹಾಕ್ಕೋ ಕೂಸನ್ನ... ಆ ಕಡೀನೂ ಅಷ್ಟೇನು? ಹಂಗಾರ ಈ ಕಡೀನ ಇರ್ಲಿ.

ಇಳಕಲ್ ಸೀರಿ ತಗದಿಡು. ಭಾಷಣ ಮುಗದ ಮ್ಯಾಲೆ ನಿನ್ನ ವೇದಿಕಿ ಮ್ಯಾಲೆ ಕುಂದರಿಸಿ ಉಡಿ ತುಂಬ್ತಾರ. ಹಿಂದ ಬ್ಯಾನರ್, 'ನಗುನಗುತ್ತ ಹಾಲೂಡುವ ತಾಯಿ'. ನಾನ ಬರಿಸೀನಿ! ಅದಕ್ಕಂತನ ನಿನ್ನ ಬಾಣಂತನ ಮುಗಿಯೋದ್ರಾಗ ತವರಿಂದ ಕರಕೊಂಡು ಬಂದೆ. "ಇನ್ನೊಂದಿಷ್ಟು ದಿನ ಬಿಟ್ಟು ಒಯ್ಯಿರಿ" ಅಂತ ನಿಮ್ಮವ್ವ ಬಾಗಲದಾಗ ನಿಂತು ಕಣ್ಣೀರು ಹಾಕಿದ್ರು. ಸಂಘದ ಮಾನ ಅವರಿಗೇನು ಗೊತ್ತು? ಅಕ್ಕಿ, ಕಾಯಿ, ಖಣ, ಕೊಬ್ಬರಿ ಬಟ್ಟಲ, ಎಲ್ಲಾ ಸೆರಗಿನಾಗ ಬೀಳತಾವ. ಎದಿಗೆ ತಾಗಂಗಿಲ್ಲ ಬಿಡು. ತಾಗಿದ್ರೂ... ನಗು. ಫೋಟೋ ಹೊಡೀತಾರ.

ಏನಂದಿ? ಹಿಂಗ ಆದ್ರ ನಾಳಿಂದ ಹಾಲು ಬಿಡಸ್ತಿ? ಪುಡಿ ಹಾಲು? ನನ್ನ ಮನ್ಯಾಗ? ತಾಯಿಹಾಲಿನ ಭಾಷಣ ಮಾಡಾವನ ಮನ್ಯಾಗ ಪುಡಿ ಹಾಲಿನ ಡಬ್ಬಿ! ಮಿಯಾಪುರದ ಈ ಅಪಾರ್ಟ್‌ಮೆಂಟಿನಾಗ ಕಸದ ಡಬ್ಬಿ ಸುದ್ದೀನೂ ಸಂಜಿಗೆ ಸಿಕಂದರಾಬಾದ ಮುಟ್ಟತೈತಿ, ಗೊತ್ತೈತಿಲ್ಲ?

ಗೊತ್ತೈತಿ, ನಿನಗೂ ಬಿಡಸೋ ಮನಸ್ಸಿಲ್ಲ. ಯಾರರ ಒಬ್ಬ ನರ್ಸ್ ಬಂದು, ಕೂಸು ಹೆಂಗ ಬಾಯಿ ಹಾಕಾಕತ್ತೈತಿ ನೋಡಿ ಹೇಳಿದ್ರ ಸಾಕು ಅಂತಿ. ನಾ ಕೇಳಿ ಬಿಟ್ಟೆ ಮಾರಾಯ್ತಿ! ಯಾರಿಗೂ ಪುರಸೊತ್ತಿಲ್ಲ. ಒಬ್ಬರೂ ಬರಲಿಲ್ಲ. ನಾ ಎತ್ತಕೊಂಡು ಬರಲೇನು?

...

ಬಾಗಲದ ಕಡಿ ಯಾಕ ನೋಡಾಕತ್ತಿ?

ನಿನ್ನೆ ಬೆಲ್ ಆತು, ಹೌದು. ನೀ ಮಲಗಿದ್ದಿ. ಪಾರ್ಸಲ್ಲಿನವ.

...ಹಂಗ ನೋಡಬ್ಯಾಡ. ಪಾರ್ಸಲ್ಲಿನವ ಅಂದ್ನೆಲ್ಲ! ಬ್ಯಾರೆ ಮನಿ ಪಾರ್ಸಲ್ಲು, ತಪ್ಪಿ ಬಂದಿದ್ದ, ಹ್ವಾದ. ಆ ಗದಿಗೆಮ್ಮಕ್ಕಾರು ಯಾಕ ಬರ್ತಾರ ಬಿಸಲಾಗ ಮೆಟ್ರೋ ಹತ್ತಿ ಇಲ್ಲೀತನಕ...

...ನೀ ಅವರ ಹೆಸರು ತಗೊಂಡ್ಯಲ್ಲ?

ತಗೊಳ್ಳಲಿಲ್ಲ?

...

ಏನರ ಅನ್ನು ಶಾಂಭವಿ. ಬೈಯಿ. ಆತು, ಬಂದಿದ್ರು! ನಮ್ಮ ಸಂಘದ ಆರೋಗ್ಯ ಶಿಬಿರಕ್ಕ ಬರೋ ನರ್ಸು, ನಾ ಒಂದು ಮಾತು ಕೇಳಿದ್ದಕ್ಕ ಪಾಪ ಬಂದುಬಿಟ್ರು. ಬಾಗಲಾ ತಗದೆ. ತಗದ ಮ್ಯಾಲೆ ಬ್ಯಾನರ್ ನೆನಪಾತು! ಅವರು ಒಳಗ ಬಂದು ನೋಡಿ, ಸಭಾದಾಗ ನಾಕು ಮಂದಿಗೆ ಅಂದ್ರ? "ಭಾಷಣ ಮಾಡಾವನ ಹೆಂಡತಿಗೇ ಹಾಲು ಕುಡಿಸಾಕ ಆಗವಲ್ದು" ಅಂದ್ರ? ಒಂದು ದಿನದ ಮಾತು ಅಂದ್ಕೊಂಡೆ. ಸಭಾ ಮುಗದ ಮ್ಯಾಲೆ ನಾನ ಕರಸಾವ ಇದ್ದೆ, ನಿನ್ನಾಣಿ...

ಕೂಸನ್ನ ನನಗ ಯಾಕ ಕೊಡಾಕತ್ತಿ? ಇನ್ನೂ ಕುಡೀಬೇಕೆಲ್ಲ ಅದು... ಏ, ನನ್ನ ಬೆರಳು ಹಿಡದೈತಿ ಬಾಯಾಗ... ಅಯ್ಯಯ್ಯ! ಏನು ಜಗ್ಗತೈತಿ! ಹಲ್ಲಿಲ್ಲದ ಬಾಯಿ, ಇಷ್ಟು ಜೋರು...

ಇದೇನು, ತುಟಿ ಕೆಂಪಾಗೈತಿ? ನನ್ನ ಬೆರಳು ಹರೀತೇನು?

...ನನ್ನ ಬೆರಳೇನೂ ಹರದಿಲ್ಲ.

ಶಾಂಭವಿ. ಭಾಷಣದ ಹಾಳಿ ಮಡಚಬ್ಯಾಡ, ಇಸ್ತ್ರಿ ಮಾಡಿದಂಗ ಇಟ್ಟಿದ್ದೆ... ಮಡಚು, ಮಡಚು. ಫೋನ್ ಯಾಕ ಕೈಯಾಗ ಇಡಾಕತ್ತಿ? ಮಾತಿನಾಗರ ಹೇಳು! ಬಾಯಿ ಬಿಡು!

...ತಿಳೀತು.

ಹಲೋ... ಗದಿಗೆಮ್ಮಕ್ಕಾರ? ನಾನ್ರೀ, ಗುರುಶಾಂತ. ಅಲ್ರೀ, ಭಾಷಣದ ಸಲವಾಗಿ ಅಲ್ಲ. ಈಗಿಂದೀಗ ಬರಾಕ ಆಗತೈತೇನ್ರಿ?

...ಹೌದ್ರಿ, ನಿನ್ನೆ "ನಮ್ಮ ಮನ್ಯಾಗ ಎಲ್ಲಾ ಅರಾಮ ಐತಿ" ಅಂದು ಬಾಗಲಾ ಹಾಕ್ಕೊಂಡಾವ ನಾನರಿ.